ಹಳೆಯ ಕಾರಿನ ಗಾಳಿಕೊಳವೆ

ನಮ್ಮ ಹೈದರಾಬಾದಿನ ಕನ್ನಡ ಕೆಲಸಗಾರರಲ್ಲಿ ಅಲ್ಲೊಬ್ಬ ಇಲ್ಲೊಬ್ಬರ ಬಳಿ ಹಳೆಯ ಕಾರು ಇದೆ. ಇದನ್ನು ಶೋಕಿಯೆಂದು ಆಡಿಕೊಳ್ಳುವವರೂ ಇದ್ದಾರೆ. ನಾಲ್ವರು ಹೋಟೆಲ್ ಕೆಲಸಗಾರರು ಕೂಡಿ ಹಳೆಯ ಮಾರುತಿ 800 ಕೊಂಡು, ರಾತ್ರಿ ಅಡಿಗೆಮನೆ ತೊಳೆದಿಟ್ಟ ಮೇಲೆ ಜಹೀರಾಬಾದಿನ ದಾರಿ ಹಿಡಿದು ಬೀದರಿಗೆ ಹೋಗಿ, ಹೆತ್ತವರ ಮುಖ ನೋಡಿ ಬರುವುದು ಶೋಕಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಕಾರನ್ನು ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳುವುದು ಹೇಗೆಂಬುದೇ ಪ್ರಶ್ನೆ.

ನಮ್ಮ ಮಿತ್ರರ ಒಂದು ಕಾರಿನಲ್ಲಿ ಏರ್ ಫಿಲ್ಟರಿನ ಡಬ್ಬಿಗೆ ಗಾಳಿ ತರುವ ಕೊಳವೆ ಹರಿದುಹೋಯಿತು. ಯಾರೋ ಬುದ್ಧಿ ಹೇಳಿದರು: ‘ಡಬ್ಬಿಯನ್ನೇ ಕಿತ್ತುಹಾಕಿ, ಬಾಯಿಗೆ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ, ಗಾಡಿ ಹುಲಿಯಂತೆ ಓಡುತ್ತದೆ.’ ಹುಲಿಯಂತೆ ಗರ್ಜಿಸಿದ್ದು ನಿಜ. ಮುಂದಿನ ಬೇಸಿಗೆಯ ಹೊತ್ತಿಗೆ ಎಂಜಿನ್ ಆಯಿಲ್ ಕುಡಿಯತೊಡಗಿತು, ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಮೈಯೆಲ್ಲ ಗೀರು. ನಾಲ್ವರ ಒಂದೊಂದು ತಿಂಗಳ ಪಗಾರ ರಿಪೇರಿಗೆ ಹೋಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತಾಯಿತು.

ಹಾಗೆಂದು ಮನೆಯಲ್ಲಿ ಕೊಳವೆ ಮಾಡಿಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಅದು ಒಳ್ಳೆಯ ಉಳಿತಾಯವೇ. ಆದರೆ ಎಂಜಿನ್ ಉಸಿರಾಡುವ ಬಗೆ ತಿಳಿದು ಮಾಡಬೇಕು. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 9,000 ಲೀಟರು ಗಾಳಿ ಬೇಕು. ಅಷ್ಟು ಗಾಳಿಯೊಡನೆ ಬರುವ ರಸ್ತೆಯ ಧೂಳನ್ನು ತಡೆಯುವುದು ಆ ಮಡಿಕೆ ಮಡಿಕೆಯ ಕಾಗದದ ಫಿಲ್ಟರೊಂದೇ. ಅದನ್ನು ತೆಗೆದರೆ ಧೂಳು ಪಿಸ್ಟನ್ನಿನ ರಿಂಗುಗಳಿಗೆ ಉಪ್ಪುಕಾಗದದಂತೆ ಉಜ್ಜುತ್ತದೆ. ಆದುದರಿಂದ ಮೊದಲ ಮಾತು: ಕೊಳವೆ ಯಾವುದಾದರೂ ಇರಲಿ, ಫಿಲ್ಟರು ಇರಲೇಬೇಕು.

ಎರಡನೆಯದು ತಂಪು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಹೊರಗೆ 35 ಡಿಗ್ರಿ ಇರುವ ಗಾಳಿ ಬಾನೆಟ್ಟಿನೊಳಗೆ 60 ಡಿಗ್ರಿಗೆ ಕಾದರೆ ನೂರಕ್ಕೆ ಏಳೆಂಟು ಪಾಲು ಸಾಂದ್ರತೆ ಕಳೆದುಕೊಳ್ಳುತ್ತದೆ. ಕೊಳವೆಯ ಬಾಯಿ ಎಂಜಿನ್ನಿನ ಶಾಖದಿಂದ ದೂರ, ಮುಂಭಾಗದ ತಂಪು ಗಾಳಿ ಸಿಗುವೆಡೆ ಇದ್ದರೆ ಲಾಭವುಂಟು. ಆದರೆ ಲಾಭ ಅಷ್ಟೇ. ಸಣ್ಣ ಎಂಜಿನ್ನು ಇದರಿಂದ ದೊಡ್ಡದಾಗುವುದಿಲ್ಲ. ಸದ್ದು ಹೆಚ್ಚಾದ ಮಾತ್ರಕ್ಕೆ ಶಕ್ತಿ ಹೆಚ್ಚಾಯಿತೆಂದು ಹುಡುಗರು ಮೋಸಹೋಗಬಾರದು.

ಮಾಡುವ ರೀತಿ ಸುಲಭ. ಹಳೆಯ ಡಬ್ಬಿ, ಫಿಲ್ಟರು ಹಾಗೆಯೇ ಇರಲಿ. ಡಬ್ಬಿಯ ಬಾಯಿಯ ಅಗಲ ಅಳೆದು, ಅದಕ್ಕಿಂತ ಕಿರಿದಲ್ಲದ, ಒಳಗೆ ತಂತಿಸುರುಳಿಯಿರುವ ರಬ್ಬರ್ ಹೋಸನ್ನು ರಾಣಿಗಂಜಿನಲ್ಲೋ ಪುತ್ಲಿಬೌಳಿಯಲ್ಲೋ ವಿಚಾರಿಸಿ ತನ್ನಿ. ನಲ್ಲಿಯ ಪ್ಲಾಸ್ಟಿಕ್ ಪೈಪು ಎಕ್ಸಾಸ್ಟಿನ ಬಿಸಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಅದನ್ನು ಅಲ್ಲಿ ಹಾಕಬೇಡಿ. ತಿರುವುಗಳು ಕಡಿಮೆಯಿರಲಿ, ಎರಡು ತುದಿಗೂ ಕ್ಲ್ಯಾಂಪು ಬಿಗಿಯಿರಿ. ಕತ್ತರಿಸಿದ ಚೂರು ಒಳಗೆ ಉಳಿಯದಂತೆ ಒರೆಸಿ. ಎಂಜಿನ್ನಿನ ಆವಿ ಬರುವ ಸಣ್ಣ ರಬ್ಬರ್ ನಳಿಗೆಯನ್ನು ಬಿಚ್ಚಿದ್ದರೆ ಮರೆಯದೆ ಸಿಕ್ಕಿಸಿ. ಕೆಲವು ದಿನ ಓಡಿಸಿದ ಮೇಲೆ ಫಿಲ್ಟರಿನಿಂದಾಚೆಗೆ, ಕಾರ್ಬ್ಯುರೇಟರಿನ ಕಡೆಗೆ, ಬೆರಳಾಡಿಸಿ ನೋಡಿ. ಬೆರಳಿಗೆ ಧೂಳು ಹತ್ತಿದರೆ ಎಲ್ಲೋ ಸೋರಿಕೆಯಿದೆ. ಹೊಸ ಕಾರುಗಳಲ್ಲಿ ಗಾಳಿಯನ್ನಳೆಯುವ ಸೆನ್ಸರುಗಳಿರುವುದರಿಂದ ಅವಕ್ಕೆ ಈ ಕೈಚಳಕ ಬೇಡ.

ಮೂರನೆಯದು ಮಳೆ. ಮೂಸಿಯ ಊರಿನಲ್ಲಿರುವ ನಮಗೆ ಇದನ್ನು ಒತ್ತಿ ಹೇಳಲೇಬೇಕು. 1908ರ ಸೆಪ್ಟೆಂಬರಿನ ಪ್ರವಾಹವನ್ನು ಹಿರಿಯರಿಂದ ಕೇಳಿದ್ದೆವು; 2020ರ ಅಕ್ಟೋಬರ್ 13ರ ರಾತ್ರಿಯದನ್ನು ನಾವೇ ಕಂಡೆವು. ತಂಪು ಗಾಳಿಯ ಆಸೆಗೆ ಕೊಳವೆಯ ಬಾಯನ್ನು ಬಂಪರಿನ ಕೆಳಗಿಟ್ಟರೆ ನಿಂತ ನೀರನ್ನೇ ಅದು ಹೀರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನೇ ಹಾಳಾಗುತ್ತದೆ. ಬಾಯಿ ಹೆಡ್‌ಲೈಟಿಗಿಂತ ಮೇಲಿರಲಿ. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಬನ್ನಿ; ಪ್ಲಗ್ಗುಗಳನ್ನು ಬಿಚ್ಚಿ ನೀರು ಹೊರಗೆ ಹೋಗುವಂತೆ ಮಾಡಿದ ಮೇಲೆ ಮುಂದಿನ ಮಾತು.

ಇಷ್ಟು ಬರೆಯುವಾಗ ಒಂದು ಯೋಚನೆ ನಮ್ಮನ್ನು ಬಿಡದೆ ಕಾಡಿತು. ಕಬ್ಬಿಣದ ಎಂಜಿನ್ನು ಧೂಳು ಕುಡಿಯಬಾರದೆಂದು ಅದನ್ನು ಮಾಡಿದವರು ಮೊದಲೇ ಫಿಲ್ಟರು ಇಟ್ಟರು. ಹತ್ತಿಯ ಮಿಲ್ಲಿನ ಬ್ಲೋ ರೂಮಿನಲ್ಲಿ, ಕಾರ್ಡಿಂಗ್ ಖಾತೆಯಲ್ಲಿ ದುಡಿದ ನಮ್ಮ ಹಿರಿಯರ ಎದೆಗೆ ಯಾರು ಏನಿಟ್ಟರು? ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವುದು ಹತ್ತಿಯ ಧೂಳಿನ ರೋಗದ ಲಕ್ಷಣ. ಅದಕ್ಕೆ ಬಿಸಿನೋಸಿಸ್ ಎಂದು ಹೆಸರು. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ಧೂಳು ಹೊಗೆಗಳನ್ನು ಹುಟ್ಟಿದಲ್ಲೇ ಹೀರಿ ಹೊರಹಾಕುವ ಏರ್ಪಾಟು ಬೇಕೆಂದಿತು. ಕಾಗದದಲ್ಲಿ ಇದ್ದದ್ದು ಎಲ್ಲ ಖಾತೆಗಳಿಗೂ ಇಳಿಯಲಿಲ್ಲ. ಒಗ್ಗರಣೆಯ ಘಾಟು, ಎಣ್ಣೆಯ ಹೊಗೆ ಕುಡಿದುಕೊಂಡು ದಿನವಿಡೀ ಒಲೆಯ ಮುಂದೆ ನಿಲ್ಲುವ ಹೋಟೆಲ್ ಬಂಧುವಿನ ಪಾಡೂ ಬೇರೆಯಲ್ಲ.

ಆದುದರಿಂದ ನಮ್ಮ ಸಲಹೆ ಎರಡು. ಕಾರುಳ್ಳವರು ಪಾಳಿ ಹೊಂದಿಸಿಕೊಂಡು ಒಂದು ರಜೆಯ ದಿನ ಒಟ್ಟಿಗೆ ಸೇರಲಿ. ಹೋಸನ್ನು ಉದ್ದಕ್ಕೆ ಕೊಂಡು ಹಂಚಿಕೊಳ್ಳಲಿ. ಒಬ್ಬರ ಪಾನ ಹತ್ತು ಜನಕ್ಕೆ ಆಗುತ್ತದೆ, ತಿಳಿದವರು ತಿಳಿಯದವರಿಗೆ ಹೇಳಿಕೊಡಲಿ. ಹಾಗೆ ಸೇರಿದಾಗಲೇ ಯಾರ ಅಡಿಗೆಮನೆಯಲ್ಲಿ ಹೊಗೆ ಹೀರುವ ಫ್ಯಾನು ಕೆಟ್ಟಿದೆ, ಯಾವ ಖಾತೆಯಲ್ಲಿ ಧೂಳಿಗೆ ದಾರಿಯಿಲ್ಲ ಎಂಬುದನ್ನೂ ಬರೆದುಕೊಂಡು ಸಂಘದ ಮೂಲಕ ಮಾಲೀಕರ ಮುಂದಿಡೋಣ. ಕಾರಿನ ಉಸಿರಿನ ಬಗ್ಗೆ ಇಷ್ಟು ಕಾಳಜಿ ಮಾಡಬಲ್ಲ ನಾವು ನಮ್ಮ ಉಸಿರಿನ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲ.