ದಾಂಡಿಗನ ಬಾಳು

ಬೀದರ ನಗರದ ಕೆಂಪು ಜಂಬಿಟ್ಟಿಗೆಯ ಬಯಲಿನಲ್ಲಾಗಲಿ, ಭಾಲ್ಕಿಯ ಕಪ್ಪು ನೆಲದಲ್ಲಾಗಲಿ, ಔರಾದಿನ ತೊಗರಿ ಕೊಯ್ದ ಹೊಲದಲ್ಲಾಗಲಿ, ಸಂಜೆಯ ಹೊತ್ತು ಮಕ್ಕಳು ಕ್ರಿಕೆಟ್ ಆಡುವುದು ಸಾಮಾನ್ಯ ನೋಟ. ಅವರಲ್ಲಿ ಹಲವರಿಗೆ ಹೆಸರಾಂತ ದಾಂಡಿಗರಾಗಬೇಕೆಂಬ ಹಂಬಲ. ಹಿರಿಯರಲ್ಲಿ ಹಲವರಿಗೆ ಅದು ಬರಿಯ ಕಾಲಹರಣ. ಮಕ್ಕಳು ಆಟಗಾರನ ಕೀರ್ತಿಯನ್ನು ಮಾತ್ರ ಕಾಣುತ್ತಾರೆ. ಹಿರಿಯರು ಅದರ ಅನಿಶ್ಚಿತತೆಯನ್ನು ಮಾತ್ರ ಕಾಣುತ್ತಾರೆ. ಆಟವನ್ನೇ ವೃತ್ತಿಯಾಗಿ ಹಿಡಿದವನ ಬಾಳನ್ನು ಆದಿಯಿಂದ ಅಂತ್ಯದವರೆಗೆ ನೋಡಿದರೆ ಈ ಎರಡು ದೃಷ್ಟಿಗಳೂ ಅಪೂರ್ಣವೆಂಬುದು ತಿಳಿಯುತ್ತದೆ.

ದಾಂಡಿಗನ ಕೆಲಸ ಅತ್ಯಂತ ಕಠಿಣವಾದುದು. ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗೆ ಅವನನ್ನು ಮುಟ್ಟುತ್ತದೆ. ಅಷ್ಟರಲ್ಲಿ ಚೆಂಡಿನ ದಿಕ್ಕನ್ನು ಅರಿಯಬೇಕು, ಕಾಲನ್ನು ಸರಿಸಬೇಕು, ದಾಂಡನ್ನು ಬೀಸಬೇಕು ಅಥವಾ ತಡೆಯಬೇಕು. ಬೌಲರನಿಗೆ ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ಎಸೆತವಿದೆ. ದಾಂಡಿಗನಿಗೆ ಒಂದೇ ತಪ್ಪು ಆ ಸರದಿಯ ಕೊನೆಯಾಗಬಹುದು. ಆದ್ದರಿಂದಲೇ ಸೋಲು ಅವನ ನಿತ್ಯದ ಒಡನಾಡಿ.

ಕನ್ನಡ ನಾಡು ಕಂಡ ಶ್ರೇಷ್ಠ ದಾಂಡಿಗರಲ್ಲೊಬ್ಬರಾದ ಗುಂಡಪ್ಪ ವಿಶ್ವನಾಥರ ಬಾಳು ಇದಕ್ಕೆ ನಿದರ್ಶನ. ಅವರು 1949ರಲ್ಲಿ ಭದ್ರಾವತಿಯಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದರು. ಬಾಲ್ಯದಲ್ಲಿ ಶಾಲಾ ತಂಡದ ಆಯ್ಕೆಗಾರರು ಅವರನ್ನು ತೀರ ಕುಳ್ಳನೆಂದು ಕೈಬಿಟ್ಟಿದ್ದರು. ಅದೇ ಹುಡುಗ 1967ರಲ್ಲಿ ಮೈಸೂರು ತಂಡದ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿ ಆಂಧ್ರದ ವಿರುದ್ಧ 230 ಓಟಗಳನ್ನು ಗಳಿಸಿದರು. ಎರಡು ವರ್ಷಗಳ ತರುವಾಯ, 1969ರಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಸರದಿಯಲ್ಲಿ ಅವರ ಗಳಿಕೆ ಸೊನ್ನೆ, ಎರಡನೆಯದರಲ್ಲಿ 137. ಒಂದೇ ಪಂದ್ಯದಲ್ಲಿ ಅಪಮಾನವನ್ನೂ ಅಭಿನಂದನೆಯನ್ನೂ ಉಂಡ ಆ ಇಪ್ಪತ್ತರ ತರುಣ ಮುಂದೆ 91 ಟೆಸ್ಟ್‌ಗಳಲ್ಲಿ 6,080 ಓಟಗಳನ್ನು ಕಲೆಹಾಕಿದರು.

ಈ ಅಂಕಿಗಳ ಇನ್ನೊಂದು ಮುಖವನ್ನೂ ನೋಡಬೇಕು. ವಿಶ್ವನಾಥರು ಟೆಸ್ಟ್‌ಗಳಲ್ಲಿ 155 ಸಲ ದಾಂಡು ಹಿಡಿದು ಕಣಕ್ಕಿಳಿದರು. ಶತಕ ಬಾರಿಸಿದ್ದು 14 ಸಲ, ಐವತ್ತನ್ನು ದಾಟಿ ನೂರರೊಳಗೆ ನಿಂತದ್ದು 35 ಸಲ. ಉಳಿದ 106 ಸಲ ಐವತ್ತು ಕೂಡ ಆಗಲಿಲ್ಲ. ಮೂರರಲ್ಲಿ ಎರಡು ಸಲ ಐವತ್ತನ್ನು ಮುಟ್ಟದವರನ್ನು ನಾಡು ಮಹಾನ್ ಆಟಗಾರರೆಂದು ಗೌರವಿಸುತ್ತದೆ. ಪರೀಕ್ಷೆಯಲ್ಲಿ ಒಮ್ಮೆ ಹಿಂದೆ ಬಿದ್ದ ಮಾತ್ರಕ್ಕೆ ಬಾಳೇ ಮುಗಿಯಿತೆಂದು ಕುಗ್ಗುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನನ ಮಾಡಬೇಕು.

ಗಳಿಕೆಯ ಬೆಲೆಯೂ ಅದರ ಮೊತ್ತದಲ್ಲಿಲ್ಲ. ಅದು ಯಾವ ಹೊತ್ತಿನಲ್ಲಿ ಒದಗಿತು ಎಂಬುದರಲ್ಲಿದೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ತಂಡದ ಆ್ಯಂಡಿ ರಾಬರ್ಟ್ಸ್ 64 ಓಟಗಳಿಗೆ ಏಳು ವಿಕೆಟ್ ಕಿತ್ತರು. ಭಾರತದ ಒಟ್ಟು ಮೊತ್ತ 190. ಅದರಲ್ಲಿ ವಿಶ್ವನಾಥರದೇ ಅಜೇಯ 97. ಅದು ಶತಕವಲ್ಲ, ಆದರೆ ಭಾರತ ಆ ಪಂದ್ಯವನ್ನು ಗೆದ್ದಿತು. ಅವರು ಶತಕ ಬಾರಿಸಿದ ಹದಿನಾಲ್ಕು ಟೆಸ್ಟ್‌ಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ.

ಗೆಲುವಿಗಿಂತ ಹಿರಿದಾದುದು ನಡತೆ. 1980ರಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ವಿಶ್ವನಾಥರು ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರು ತೀರ್ಪಿತ್ತರು. ಆ ತೀರ್ಪು ಸರಿಯಲ್ಲವೆಂದು ಮನಗಂಡ ವಿಶ್ವನಾಥರು ಟೇಲರರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಜೊತೆಗೂಡಿ ಇಂಗ್ಲೆಂಡಿನ ಸ್ಥಿತಿಯನ್ನು ಸುಧಾರಿಸಿದರು, ಭಾರತ ಸೋತಿತು. ಆ ಪಂದ್ಯದ ಫಲಿತಾಂಶವನ್ನು ಮರೆತವರು ಕೂಡ ಆ ಔದಾರ್ಯವನ್ನು ಮರೆತಿಲ್ಲ.

ವಿಶ್ವನಾಥರ ಟೆಸ್ಟ್ ಜೀವನ 1983ರಲ್ಲಿ ಕೊನೆಗೊಂಡಿತು. ಆಗ ಅವರ ವಯಸ್ಸು ಮೂವತ್ತಮೂರು. ಇತರ ವೃತ್ತಿಗಳಲ್ಲಿ ಮನುಷ್ಯನು ಬಲಿಯುವ ವಯಸ್ಸಿನಲ್ಲಿ ಆಟಗಾರನು ನಿವೃತ್ತನಾಗುತ್ತಾನೆ. ಆ ಕಾಲದ ಆಟಗಾರರಿಗೆ ಬ್ಯಾಂಕಿನ ನೌಕರಿ ಆಸರೆಯಾಗಿತ್ತು, ವಿಶ್ವನಾಥರೂ ಬ್ಯಾಂಕಿನಲ್ಲಿದ್ದರು. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, ಬೆಂಗಳೂರಿನ ಶಾಂತಾ ರಂಗಸ್ವಾಮಿ ಕೂಡ ಬ್ಯಾಂಕ್ ಅಧಿಕಾರಿಯಾಗಿದ್ದರು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು ಗಳಿಸಿದ 108, ಭಾರತೀಯ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. 2008ರಲ್ಲಿ ಐ.ಪಿ.ಎಲ್. ಆರಂಭವಾದ ಮೇಲೆ ಆಟಕ್ಕೆ ಹೇರಳ ಹಣ ಹರಿದುಬಂದಿದೆ ನಿಜ. ಆದರೆ ಅದು ದಕ್ಕುವುದು ಕೆಲವರಿಗೆ ಮಾತ್ರ. ಟೆಸ್ಟ್‌ಗಳಲ್ಲಿ 31,258 ಎಸೆತಗಳನ್ನು ಎದುರಿಸಿ 13,288 ಓಟಗಳನ್ನು ಗಳಿಸಿದ ರಾಹುಲ್ ದ್ರಾವಿಡರು ಸಹ ವಾಣಿಜ್ಯ ಪದವಿಯನ್ನು ಪಡೆದಿದ್ದರು. ಆಟವೂ ಓದೂ ಒಂದಕ್ಕೊಂದು ವೈರಿಗಳಲ್ಲ.

ಹಾಗೆಂದು ಎಲ್ಲ ಹೊಣೆಯನ್ನೂ ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಔರಾದಿನಿಂದ ಇನ್ನೂ ಹೆಚ್ಚು. ರಬ್ಬರು ಚೆಂಡಿನಲ್ಲಿ ಆಡಿ ಪಳಗಿದ ಹುಡುಗನಿಗೆ ಗಟ್ಟಿಯಾದ ತೊಗಲು ಚೆಂಡು ಹೊಸದು. ಅದರ ಪುಟಿತ ಬೇರೆ, ತಿರುವು ಬೇರೆ. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಮುಂದೆ ಅವರು ಬೌಲರರಾಗಿ ಭಾರತದ ಪರವಾಗಿ ಆಡಿದರು. ಅವರ ಶ್ರಮ ಮೆಚ್ಚತಕ್ಕದ್ದು. ಆದರೆ ಪ್ರತಿಯೊಂದು ಮಗುವೂ ಅಷ್ಟು ದೂರ ಅಲೆಯಬೇಕೆಂದು ಬಯಸುವುದು ಸರಿಯಲ್ಲ. ತಾಲ್ಲೂಕಿಗೊಂದು ಒಳ್ಳೆಯ ಮೈದಾನ, ತಿಳಿದ ಒಬ್ಬ ತರಬೇತುದಾರ, ಹುಡುಗಿಯರಿಗೂ ಸಮಾನ ಅವಕಾಶ — ಇವನ್ನು ಒದಗಿಸುವುದು ಸಮಾಜದ ಕರ್ತವ್ಯ.

ಹಾಗೆ ಒದಗಿಸಿದರೂ ಭಾಲ್ಕಿಯಲ್ಲಿ ಆಡುವ ನೂರು ಮಕ್ಕಳಲ್ಲಿ ಒಬ್ಬರೂ ಟೆಸ್ಟ್ ಆಟಗಾರರಾಗದೆ ಹೋಗಬಹುದು. ಅದರಿಂದ ಆಟ ವ್ಯರ್ಥವಾಗುವುದಿಲ್ಲ. ಸೊನ್ನೆಗೆ ಔಟಾದವನು ತಲೆತಗ್ಗಿಸದೆ ಮರಳಿ ಬಂದು, ಮತ್ತೆ ಮೊದಲ ಚೆಂಡಿನಿಂದ ಆಡುವುದನ್ನು ಕಲಿತರೆ, ಅವನು ರೈತನಾಗಲಿ, ವೈದ್ಯನಾಗಲಿ, ಶಿಕ್ಷಕನಾಗಲಿ, ಆ ಕಲಿಕೆ ಅವನನ್ನು ಕಾಯುತ್ತದೆ. ದಾಂಡಿಗನ ಬಾಳು ನೀಡುವ ನಿಜವಾದ ಗಳಿಕೆ ಇದೇ.