ಮಾನವಿಕ ಅಧ್ಯಯನಕ್ಕೆ ಆದ್ಯತೆ ಸಿಗಲಿ

ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರು, ಯಾದಗಿರಿ ಜಿಲ್ಲೆಗಳಿಗಾಗಿ ಸ್ಥಾಪನೆಯಾದ ರಾಯಚೂರು ವಿಶ್ವವಿದ್ಯಾಲಯ ಈಗ ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಆದಿಕವಿಯ ಹೆಸರಿನ ವಿಶ್ವವಿದ್ಯಾಲಯದ ಹೊಸ ಶೈಕ್ಷಣಿಕ ವರ್ಷದ ಯೋಜನೆಯಲ್ಲಿ ಮಾನವಿಕ ವಿಭಾಗಗಳು ಹಿಂದೆ ಬೀಳಬಾರದು. ‘ದೇವಾನಾಂಪ್ರಿಯ’ನೇ ಅಶೋಕನೆಂದು ಖಚಿತಪಡಿಸಿದ, 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನ, ಮಾನ್ವಿಯ ಜಗನ್ನಾಥದಾಸರ ಪರಂಪರೆ, ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳು ಈ ನೆಲದ ಆಸ್ತಿ. ಅಧ್ಯಯನ ತರಗತಿಗಷ್ಟೇ ಸೀಮಿತವಾದರೆ, ಕವಿತಾಳದಂಥ ಊರುಗಳ ಹಿರಿಯರ ನಾಲಗೆಯ ಮೇಲಿರುವ ಹಾಡು, ಕತೆಗಳು ದಾಖಲಾಗದೆ ಅವರೊಂದಿಗೇ ಅಳಿಯುತ್ತವೆ.

ಆದ್ದರಿಂದ ಕನ್ನಡ, ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಕಡ್ಡಾಯವಾಗಬೇಕು. ಅದನ್ನು ಮುನ್ನಡೆಸಲು ಸರ್ಕಾರ ಕಾಯಂ ಅಧ್ಯಾಪಕರನ್ನು ಒದಗಿಸಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ರಸ್ತೆ, ಕಟ್ಟಡಗಳ ಜೊತೆಗೆ ಈ ಕೆಲಸಕ್ಕೂ ಪಾಲು ಸಿಗಲೇಬೇಕು.