ಸೊಪ್ಪು ಉಣ್ಣುವ ನೀರು

ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕ್ಯಾಲನೂರಿನಂಥ ಕೋಲಾರ ಸೀಮೆಯ ಊರುಗಳ ಹೊಲ, ಬದು, ಕೆರೆಯಂಚುಗಳಲ್ಲಿ ಅಣ್ಣೆ, ಗೋಣಿ, ಹೊನಗೊನೆ, ಗಣಿಕೆ ಚಿಗುರುತ್ತವೆ. ಯಾರೂ ಬಿತ್ತದ ಈ ಬೆರಕೆಸೊಪ್ಪು ಬಡವರ ಮನೆಯ ಮಸ್ಸೊಪ್ಪಿಗೆ ಆಧಾರ. ಇಂಥ ಸೊಪ್ಪುಗಳನ್ನು ಮಣ್ಣಿಲ್ಲದೆ, ಪೋಷಕ ದ್ರಾವಣದಲ್ಲಿ ಬೆಳೆಯುವ ಹೈಡ್ರೋಪೋನಿಕ್ಸ್ ಪದ್ಧತಿ ಅಂತರ್ಜಲ ಬತ್ತಿದ ಜಿಲ್ಲೆಗೆ ಆಕರ್ಷಕವೇ ಸರಿ.

ಆದರೆ ದ್ರಾವಣದ ಗುಣವೇ ಎಲೆಯ ಗುಣವನ್ನು ನಿರ್ಧರಿಸುತ್ತದೆ. ಸಾರಜನಕವೆಲ್ಲ ನೈಟ್ರೇಟ್ ರೂಪದಲ್ಲಿದ್ದರೆ ಗೋಣಿಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚುತ್ತದೆ. ಒಂದು ಪಾಲನ್ನು ಅಮೋನಿಯಂ ರೂಪದಲ್ಲಿ ಕೊಟ್ಟಾಗ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಬೆಳಕು ಸಾಲದಿದ್ದರೆ ನೈಟ್ರೇಟ್ ಎಲೆಯಲ್ಲೇ ಶೇಖರವಾಗುತ್ತದೆ. ಕೊಯ್ಲಿಗೆ ಕೆಲದಿನ ಮೊದಲು ಬರಿಯ ನೀರು ಕೊಟ್ಟರೆ ಇಳಿಯುತ್ತದೆ. ಕಡುಹಸಿರು ಬಣ್ಣವೊಂದೇ ಪುಷ್ಟಿಯ ಗುರುತಲ್ಲ.

ಬಳಸಿ ಬಿಟ್ಟ ದ್ರಾವಣ ಹರಿಯುವುದೆಲ್ಲಿಗೆ? ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೋಲಾರದ ಕೆರೆಗಳನ್ನು ಸೇರುತ್ತಿದೆ. ಎರಡನೆಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂದು ಇಲ್ಲಿನ ಜನ ಹೋರಾಡಿದ್ದಾರೆ. ಸಾರಜನಕ, ರಂಜಕಗಳ ಹೊರೆ ಹೊತ್ತ ಆ ಕೆರೆಗಳಿಗೆ ಇನ್ನೊಂದು ಗೊಬ್ಬರದ ನೀರು ಸೇರಕೂಡದು. ದ್ರಾವಣದ ಮರುಬಳಕೆಯೂ ಎಲೆಗಳ ಪರೀಕ್ಷೆಯೂ ಕಡ್ಡಾಯವಾಗಲಿ.

ಬದುವಿನ ಸೊಪ್ಪನ್ನು ಕಳೆನಾಶಕದಿಂದ ಸುಟ್ಟು, ಅದನ್ನೇ ತೊಟ್ಟಿಯಲ್ಲಿ ಬೆಳೆದು ಮಾರುವ ಜಾಣತನ ನಮಗೆ ಬೇಡ.